ಕಡಸುಗಳಿಗೆ ಹಾಲು ಬಿಡಿಸುವುದು ಮೊದಲೋ, ಜಾಗ ಬದಲಿಸುವುದು ಮೊದಲೋ?

ಪ್ರಶ್ನೆ: ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ಅಮೆರಿಕದ ಲಿಂಕನ್‌ನಲ್ಲಿ ಎಂ.ಎಸ್. ಮುಗಿಸಿ, ಎರಡು ವರ್ಷದಿಂದ ನೆಬ್ರಾಸ್ಕಾ ರಾಜ್ಯದ ಸ್ಯಾಂಡ್‌ಹಿಲ್ಸ್ ಎಂಬ ಹುಲ್ಲುಗುಡ್ಡಗಳ ಸೀಮೆಯ ಒಂದು ರಾಂಚ್‌ನಲ್ಲಿ (ದನ ಸಾಕುವ ದೊಡ್ಡ ಜಮೀನಿನಲ್ಲಿ) ಹಿಂಡಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಮಾರುವ ಕರುಗಳೆಲ್ಲ ಈ ಅಕ್ಟೋಬರಿನಲ್ಲೇ ಹರಾಜಿಗೆ ಹೋದವು. ಮಂದೆಗೆಂದು ಉಳಿಸಿಕೊಂಡ 96 ಹೆಣ್ಣುಗರುಗಳು ಇನ್ನೂ ತಾಯಂದಿರ ಜೊತೆ ಬೇಸಿಗೆಯ ಗುಡ್ಡದ ಮೇವಿನಲ್ಲಿವೆ. ಕಳೆದ ನವೆಂಬರಿನಲ್ಲಿ ಒಂದೇ ದಿನ ದೊಡ್ಡಿಯಲ್ಲಿ ತಾಯಿ-ಕರು ಬೇರ್ಪಡಿಸಿ, ಕರುಗಳನ್ನಷ್ಟೇ 14 ಕಿ.ಮೀ. ದೂರದ ಚಳಿಗಾಲದ ಬಯಲಿಗೆ ಹೊಡೆದುಕೊಂಡು ಹೋಗಿದ್ದೆವು. ಅರ್ಧಕ್ಕರ್ಧ ರಾತ್ರೋರಾತ್ರಿ ಬೇಲಿ ಮುರಿದು ವಾಪಸ್ ಹೋದವು. ಹತ್ತು ದಿನದಲ್ಲಿ ಮೂರು ನ್ಯುಮೋನಿಯಾದಿಂದ ಸತ್ತವು. ಈ ಸಲ ಯೋಜನೆ ನೀನೇ ಮಾಡು ಎಂದು ಮಾಲೀಕರು ಹೇಳಿದ್ದಾರೆ. ಮೊದಲು ಹಾಲು ಬಿಡಿಸಬೇಕೋ, ಮೊದಲು ಜಾಗ ಬದಲಿಸಬೇಕೋ? ಮೂಗಿನ ಪಟ್ಟಿ ಹಾಕಬೇಕೇ? ಮೇವೆಷ್ಟು? ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಯಾವಾಗ? ಮಂದೆ ಹೊಡೆಯಲು ನಾಯಿಗಳನ್ನು ಬಳಸಬಹುದೇ?

ಉತ್ತರ: ಮೊದಲು ಜಾಗ ಬದಲಿಸಿ, ಅದೂ ತಾಯಂದಿರ ಜೊತೆಗೇ. ಹೊಸ ಬಯಲಿನಲ್ಲಿ ತಾಯಿ-ಕರು ಒಂದು ವಾರ ಒಟ್ಟಿಗೆ ಮೇಯಲಿ. ಆಮೇಲೆ ಹಾಲು ಬಿಡಿಸುವ ದಿನ ಕರುಗಳನ್ನು ಎಲ್ಲಿಗೂ ಒಯ್ಯಬೇಡಿ. ತಾಯಂದಿರನ್ನು ಬೇಲಿಯ ಆಚೆಗೆ ದಾಟಿಸಿ, ಕರು ಇದ್ದಲ್ಲೇ ಇರಲಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೆಲ್ಲ ಇದರಲ್ಲೇ ಇದೆ. ಉಳಿದದ್ದು ಇದನ್ನು ಮಾಡುವ ಬಗೆ.

ಕಳೆದ ವರ್ಷ ನಿಮ್ಮ ಕರುಗಳು ಬೇಲಿ ಮುರಿದದ್ದು ತುಂಟತನದಿಂದಲ್ಲ. ತಾಯಿ ತಪ್ಪಿದ ಕರು ತಾನು ಕಡೆಯ ಸಲ ಹಾಲು ಕುಡಿದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ತಾಯಿಯೂ ಅಲ್ಲಿಗೇ ಬರುತ್ತಾಳೆ. ಕರುವನ್ನು ಹುಲ್ಲಿನ ಮರೆಯಲ್ಲಿ ಮಲಗಿಸಿ ಮೇಯಲು ಹೋಗುತ್ತಿದ್ದ ಕಾಡುದನದ ಕಾಲದಿಂದ ಬಂದ ಕರಾರು ಅದು, ನಾವು ಹಾಕಿದ ನಾಲ್ಕು ಎಳೆ ಮುಳ್ಳುತಂತಿಗಿಂತ ಗಟ್ಟಿ. ನಿಮ್ಮ ಕರುಗಳು ಕಡೆಯ ಸಲ ಕುಡಿದದ್ದು ಗುಡ್ಡದ ಮೇಲಿನ ಗಾಳಿಯಂತ್ರದ ತೊಟ್ಟಿಯ ಹತ್ತಿರ. ಅಲ್ಲಿಗೇ ಹೋದವು. ಅವು ಕಡೆಯ ಸಲ ಕುಡಿಯುವ ಜಾಗ ಚಳಿಗಾಲದ ಬಯಲೇ ಆಗುವಂತೆ ನೋಡಿಕೊಂಡರೆ, ಅದೇ ಗುಣ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಇನ್ನೊಂದು ತೊಂದರೆ ಹಾದಿಯಲ್ಲಿತ್ತು. ತಾಯಿಯಿಲ್ಲದ ಎಂಟು ತಿಂಗಳ ಕರುಗಳಿಗೆ ಮುಂದಾಳು ಇಲ್ಲ. ದೊಡ್ಡ ಹಸುಗಳ ಮಂದೆಗೆ ಗೇಟು ಗೊತ್ತು, ದಾರಿ ಗೊತ್ತು, ಒಂದರ ಹಿಂದೆ ಒಂದು ನಡೆಯುತ್ತದೆ. ಬರೀ ಕರುಗಳ ಮಂದೆ ಪಾದರಸದ ಹಾಗೆ ಒಡೆದು ಚದುರುತ್ತದೆ. ಒಂದು ತಿರುಗಿತೆಂದರೆ ಎಲ್ಲವೂ ತಿರುಗಿ ಓಡುತ್ತವೆ. 14 ಕಿ.ಮೀ. ಹೀಗೆ ಓಡಿ, ಕೂಗಿ ಗಂಟಲು ಕಟ್ಟಿ, ನೀರು ಕುಡಿಯದೆ, ಗೊತ್ತಿಲ್ಲದ ಜಾಗದಲ್ಲಿ ಬೆವರಿದ ಮೈಯಲ್ಲಿ ಹಿಮದ ರಾತ್ರಿ ಕಳೆದ ಕರುವಿನ ಶ್ವಾಸಕೋಶಕ್ಕೆ ರೋಗಾಣು ಇಳಿಯಲು ಇನ್ನೇನು ಬೇಕು? ಆ ಮೂರು ಕರುಗಳ ಸಾವಿಗೆ ನಿಮ್ಮ ಔಷಧ ಕಾರಣವಲ್ಲ. ಹಾಲು ಬಿಡಿಸುವುದು, ಹೊಸ ಜಾಗ, ದೂರದ ನಡಿಗೆ, ಹೊಸ ಮೇವು, ಹೊಸ ನೀರು, ಐದೂ ಒಂದೇ ದಿನ ಬಿದ್ದವು. ಆ ಐದನ್ನು ಮೂರು ವಾರಕ್ಕೆ ಹರಡುವುದೇ ಈ ಸಲದ ಕೆಲಸ.

ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿ ಕೂರಬೇಡಿ, ಆಕಾಶ ನೋಡಿ ಹೊರಡಿ. 2013ರ ಅಕ್ಟೋಬರ್ ಮೊದಲ ವಾರ ದಕ್ಷಿಣ ಡಕೋಟಾದ ಪಶ್ಚಿಮ ಭಾಗದಲ್ಲಿ ಬೀಸಿದ, ಜನ ಅಟ್ಲಾಸ್ ಎಂದು ಕರೆಯುವ ಹಿಮಮಾರುತದ ಕಥೆ ನಿಮ್ಮ ಮಾಲೀಕರಿಗೆ ಚೆನ್ನಾಗಿ ನೆನಪಿರುತ್ತದೆ. ಹತ್ತಾರು ಸಾವಿರ ದನಗಳು ಸತ್ತವು. ಚಳಿ ಅತಿಯಾಗಿದ್ದುದು ಕಾರಣವಲ್ಲ, ಜನವರಿಯಲ್ಲಿ ಅದಕ್ಕಿಂತ ಎಷ್ಟೋ ಕಡುಚಳಿಯನ್ನು ಅದೇ ದನ ತಡೆಯುತ್ತದೆ. ಮೊದಲು ಮಳೆ ಸುರಿದು ಮೈ ತೊಯ್ದಿತ್ತು, ಚಳಿಗಾಲದ ತುಪ್ಪಳ ಇನ್ನೂ ಬೆಳೆದಿರಲಿಲ್ಲ, ಮಂದೆ ಇನ್ನೂ ಮರೆಯಿಲ್ಲದ ಬೇಸಿಗೆ ಮೇವಿನಲ್ಲೇ ಇತ್ತು. ಅದರ ಮೇಲೆ ಬಿರುಗಾಳಿ, ಹಿಮ. ಒಣಗಿದ ದಪ್ಪ ತುಪ್ಪಳವಿದ್ದರೆ ದನ ಸುಮಾರು ಮೈನಸ್ 8 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಚ್ಚಿನ ಮೇವಿಲ್ಲದೆ ಮೈ ಬಿಸಿ ಉಳಿಸಿಕೊಳ್ಳುತ್ತದೆ. ಅದೇ ತುಪ್ಪಳ ತೊಯ್ದರೆ 15 ಡಿಗ್ರಿಯಲ್ಲೇ ಅದಕ್ಕೆ ಚಳಿ ಶುರು. ಆದ್ದರಿಂದ ನಾನು ಥರ್ಮಾಮೀಟರಿಗಿಂತ ಮಳೆಗೂ ಗಾಳಿಗೂ ಹೆಚ್ಚು ಹೆದರುತ್ತೇನೆ. ಹೊರಡುವ ದಿನಕ್ಕೂ ಹಾಲು ಬಿಡಿಸುವ ದಿನಕ್ಕೂ ಒಣಹವೆಯ ನಾಲ್ಕೈದು ದಿನ ಸಿಗುವ ಕಿಂಡಿ ಹುಡುಕಿ. ಹಗಲು ಐದು ಡಿಗ್ರಿ, ರಾತ್ರಿ ಮೈನಸ್ ಐದು, ಬಿಸಿಲು, ಇದು ಒಳ್ಳೆಯ ಹವೆ. ಮಳೆಬೆರೆತ ಹಿಮ ಬರುವ ಸೂಚನೆ ಕಂಡರೆ ಒಂದು ವಾರ ಮುಂದೆ ಹಾಕಿ. ಆದರೆ ತಿಂಗಳುಗಟ್ಟಲೆ ತಳ್ಳಬೇಡಿ. ಆ ತಾಯಂದಿರ ಹೊಟ್ಟೆಯಲ್ಲಿ ಐದು ತಿಂಗಳ ಕರು ಇದೆ. ಹಾಲು ಕೊಡುತ್ತಲೇ ಡಿಸೆಂಬರಿಗೆ ಕಾಲಿಟ್ಟರೆ ಮೈ ಇಳಿದು ಮಾರ್ಚಿನ ಹೆರಿಗೆಯ ಹೊತ್ತಿಗೆ ಪಕ್ಕೆಲುಬು ಎಣಿಸುವಂತಾಗುತ್ತದೆ.

ಈಗ ನಡಿಗೆಯ ಮಾತು. ತಾಯಿ-ಕರು ಜೋಡಿಗಳನ್ನು 14 ಕಿ.ಮೀ. ಒಂದೇ ದಿನ ನಡೆಸುವ ಹಟ ಬೇಡ. ನವೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಕತ್ತಲಾಗುತ್ತದೆ, ಕತ್ತಲಲ್ಲಿ ಜೋಡಿ ತಪ್ಪಿದರೆ ಬೆಳಗಾಗುವವರೆಗೂ ಕೂಡುವುದಿಲ್ಲ. ನಡುವೆ ನೀರೂ ಬೇಲಿಯೂ ಇರುವ ಮೇವಿನ ತುಂಡು ಇದ್ದರೆ ಎರಡು ದಿನ ಮಾಡಿ. ಅಂದಾಜು ಗಂಟೆಗೆ ಮೂರು ಕಿ.ಮೀ. ಲೆಕ್ಕ ಇಟ್ಟುಕೊಂಡು, ಮಧ್ಯಾಹ್ನ ಎರಡಕ್ಕೆಲ್ಲ ಆ ದಿನದ ನಡಿಗೆ ಮುಗಿಯಬೇಕು. ಬೆಳಗ್ಗೆ ಹೊರಡುವ ಮುನ್ನ ಕರುಗಳು ಹಾಲು ಕುಡಿದು ಮುಗಿಸಲಿ. ಹೊಟ್ಟೆ ತುಂಬಿದ ಕರು ತಾಯಿಯ ಪಕ್ಕ ನಡೆಯುತ್ತದೆ, ಹಸಿದ ಕರು ತಾಯಿಯನ್ನು ಹುಡುಕುತ್ತ ಹಿಂದೆ ಓಡುತ್ತದೆ.

ಮಂದೆಯನ್ನು ಹಿಂದಿನಿಂದ ನೂಕುವುದಕ್ಕಿಂತ ಮುಂದಿನಿಂದ ಕರೆಯುವುದು ಸುಲಭ. ನಿಮ್ಮ ಹಸುಗಳಿಗೆ ಕೇಕ್ ಪಿಕಪ್ಪಿನ ಸದ್ದು ಗೊತ್ತಿರುತ್ತದೆ. ಇಲ್ಲಿನವರು ಕೇಕ್ ಎನ್ನುವುದು ನಮ್ಮ ಹಿಂಡಿಯನ್ನೇ. ಈಗ ಗುಳಿಗೆಯ ಹಾಗೆ ಒತ್ತಿದ ಪಶು ಆಹಾರವಾದರೂ, ಆ ಹೆಸರು ಬಂದದ್ದು ಹಿಂದೆ ತಿನ್ನಿಸುತ್ತಿದ್ದ ಹತ್ತಿಬೀಜದ, ಅಗಸೆಯ ಹಿಂಡಿಯಿಂದ. ಹೊರಡುವುದಕ್ಕೆ ಒಂದು ವಾರ ಮೊದಲಿಂದಲೇ ದಿನಾ ಅದೇ ಹೊತ್ತಿಗೆ ಅದೇ ಹಾರನ್ ಹೊಡೆದು ಸ್ವಲ್ಪ ಸ್ವಲ್ಪ ಕೇಕ್ ಹಾಕಿ. ಹೊರಡುವ ದಿನ ಪಿಕಪ್ ಮುಂದೆ ಹೋದರೆ ಹಿರಿ ಹಸುಗಳು ಹಿಂಬಾಲಿಸುತ್ತವೆ, ಕರುಗಳು ಅವುಗಳನ್ನು ಹಿಂಬಾಲಿಸುತ್ತವೆ. ಹಿಂದೆ ಮೂರು ಜನ ಕುದುರೆಯ ಮೇಲೆ ಸಾಕು, ಅವರ ಕೆಲಸ ನೂಕುವುದಲ್ಲ, ಬಾಲದ ಕರುಗಳನ್ನು ಹಿಂದೆ ಬಿಡದೆ ತರುವುದು. ಪಶುಗಳನ್ನು ಒತ್ತಡವಿಲ್ಲದೆ ನಡೆಸುವುದನ್ನು ಊರೂರು ಸುತ್ತಿ ಕಲಿಸಿದ ಬಡ್ ವಿಲಿಯಮ್ಸ್ ಹೇಳುತ್ತಿದ್ದುದರ ಸಾರ ಸರಳ. ದನಕ್ಕೆ ತಾನು ಹೋಗುವ ಕಡೆಯೂ ಕಾಣಬೇಕು, ತನ್ನನ್ನು ನಡೆಸುವವನೂ ಕಾಣಬೇಕು. ಬೆನ್ನ ಹಿಂದೆ ನೆಟ್ಟಗೆ ನಿಂತರೆ ನೀವು ಅದಕ್ಕೆ ಕಾಣುವುದಿಲ್ಲ, ಅದು ತಿರುಗಿ ನೋಡುತ್ತದೆ, ಮಂದೆ ನಿಲ್ಲುತ್ತದೆ. ಅಡ್ಡಡ್ಡಲಾಗಿ, ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ನಿಧಾನ ಓಡಾಡಿ. ಭುಜದ ಹಿಂದೆ ನಿಂತರೆ ಹಸು ಮುಂದೆ ಹೋಗುತ್ತದೆ, ಭುಜ ದಾಟಿ ತಲೆಯ ಕಡೆ ಬಂದರೆ ನಿಲ್ಲುತ್ತದೆ. ಕೂಗಾಟ, ಶಿಳ್ಳೆ ಬೇಡ.

ಗಾಳಿಯ ದಿಕ್ಕೂ ಮುಖ್ಯ. ಸ್ಯಾಂಡ್‌ಹಿಲ್ಸ್‌ನಲ್ಲಿ ಚಳಿಗಾಲದ ಬಿರುಗಾಳಿ ಬರುವುದು ಹೆಚ್ಚಾಗಿ ವಾಯವ್ಯದಿಂದ. ಅದಕ್ಕೆ ಮುಖ ಕೊಟ್ಟು ನಡೆಯಲು ದನ ಒಪ್ಪುವುದಿಲ್ಲ, ಬೆನ್ನು ಕೊಟ್ಟು ಗಾಳಿಯ ದಾರಿಯಲ್ಲೇ ಸಾಗಿಬಿಡುತ್ತದೆ. ಹಾಗೆ ಸಾಗಿದ ಮಂದೆ ಹೆಪ್ಪುಗಟ್ಟಿದ ಕೊಳದ ಮೇಲೆ ಕಾಲಿಟ್ಟು ಮುಳುಗುತ್ತದೆ. ನವೆಂಬರಿನ ಮಂಜುಗಡ್ಡೆ ಹಸುವಿನ ಭಾರ ಹೊರುವುದಿಲ್ಲ. ಬಯಲಿನ ಆಗ್ನೇಯ ಮೂಲೆಯಲ್ಲಿ ಕೊಳವಿದ್ದರೆ ಈಗಲೇ ಬೇಲಿ ಹಾಕಿ.

ತಲುಪಿದ ಮೇಲೆ ಗೇಟು ಹಾಕಿ ಮನೆಗೆ ಹೊರಡಬೇಡಿ. ನನ್ನ ಮೊದಲ ವರ್ಷ ಪಕ್ಕದ ಕೌಂಟಿಯ ಒಂದು ರಾಂಚ್‌ನಲ್ಲಿ ನಾವು ಮಾಡಿದ ತಪ್ಪು ಅದೇ. ಎಪ್ಪತ್ತು ಜೋಡಿ ತಲುಪಿಸಿ, ಎಣಿಸಿ, ಕುದುರೆ ಇಳಿದು ಹೋದೆವು. ಬೆಳಗ್ಗೆ ನೋಡಿದರೆ ಹನ್ನೊಂದು ಕರುಗಳು ಹಿಂದಿನ ಗೇಟಿನ ಬಳಿ ನಿಂತಿದ್ದವು. ತಾಯಂದಿರು ಈಚೆ, ಕರುಗಳು ಆಚೆ. ನಡಿಗೆಯ ಗದ್ದಲದಲ್ಲಿ ಒಂದನ್ನೊಂದು ಕಳೆದುಕೊಂಡಿದ್ದವು. ಅಂದಿನಿಂದ ನಾನು ಮಂದೆಯನ್ನು ಬಯಲಿನ ಒಂದು ಮೂಲೆಯಲ್ಲಿ ಸಡಿಲವಾಗಿ ತಡೆದು ಒಂದು ಗಂಟೆ ನಿಲ್ಲುತ್ತೇನೆ. ಹಸು ಕೂಗುತ್ತದೆ, ಕರು ಬರುತ್ತದೆ, ಹಸು ಅದರ ಬಾಲದ ಬುಡ ಮೂಸುತ್ತದೆ, ತನ್ನದಲ್ಲವಾದರೆ ತಲೆಯಿಂದ ನೂಕುತ್ತದೆ, ತನ್ನದಾದರೆ ನಿಂತು ತೊರೆ ಬಿಡುತ್ತದೆ. ಕರುವಿನ ಬಾಲ ಅಲ್ಲಾಡತೊಡಗಿದರೆ ಆ ಜೋಡಿ ಕೂಡಿತೆಂದು ಲೆಕ್ಕ. ಕಡೆಯ ಕರು ಹೀಗೆ ಕುಡಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಹೊರಡಿ.

ಆ ಬಯಲಿನಲ್ಲಿ ತಾಯಿ-ಕರು ಒಟ್ಟಿಗಿರುವ ಒಂದು ವಾರ ವ್ಯರ್ಥವಲ್ಲ, ತಾಯಂದಿರು ನಿಮ್ಮ ಪರವಾಗಿ ಪಾಠ ಮಾಡುವ ವಾರ ಅದು. ನೀರೆಲ್ಲಿ, ಗಾಳಿಮರೆ ಎಲ್ಲಿ, ಬೇಲಿ ಎಲ್ಲಿ, ಪಿಕಪ್ ಬಂದರೆ ಹೆದರಬೇಕಿಲ್ಲ, ಹುಲ್ಲಿನ ಉರುಳೆಯನ್ನು ಹೇಗೆ ತಿನ್ನಬೇಕು, ಎಲ್ಲವನ್ನೂ ಕರು ತಾಯಿಯನ್ನು ನೋಡಿಯೇ ಕಲಿಯುತ್ತದೆ. ಮುಂದೆ ತಿನ್ನಿಸುವ ತೊಟ್ಟಿಯನ್ನು ಈಗಲೇ ಇಟ್ಟು, ಅದರಲ್ಲೇ ಹಸುಗಳಿಗೂ ಸ್ವಲ್ಪ ಹಾಕಿ. ಜಾಗ ಬದಲಿಸುವ ಈ ಪದ್ಧತಿ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಅಮೃತ್ ಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಾದ ಕಾವಲುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆಬೇರೆ ಇದ್ದವು, ಮಂದೆ ಕಾಲಕ್ಕೆ ತಕ್ಕಂತೆ ನಡೆಯುತ್ತಿತ್ತು. ನೀವು ಅಜ್ಜಂಪುರದ ತಳಿ ಸಂವರ್ಧನ ಕೇಂದ್ರಕ್ಕೆ ವಿದ್ಯಾರ್ಥಿಯಾಗಿ ಹೋಗಿದ್ದರೆ ಅಲ್ಲಿನ ಹಸುಗಳು ಮಂದೆಯಾಗಿ ನಡೆಯುವ ಠೀವಿ ನೋಡಿರುತ್ತೀರಿ.

ಇನ್ನು ಬೇಲಿ. ತಾಯಿ ಆಚೆ, ಕರು ಈಚೆ, ಮೂಗಿಗೆ ಮೂಗು ತಾಗುವಂತೆ, ಆದರೆ ಹಾಲು ಸಿಗದಂತೆ. 2003ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಬೇಲಿಯಂಚಿನಲ್ಲಿ ಹಾಲು ಬಿಟ್ಟ ಕರುಗಳು ಪೂರ್ತಿ ದೂರ ಮಾಡಿದ ಕರುಗಳಿಗಿಂತ ಮೊದಲ ಎರಡು ವಾರದಲ್ಲಿ ಹೆಚ್ಚುಕಡಿಮೆ ಇಮ್ಮಡಿ ತೂಕ ಗಳಿಸಿದವು. ಹತ್ತು ವಾರದ ನಂತರವೂ ಆ ಅಂತರ ಮುಚ್ಚಿರಲಿಲ್ಲ. ಕರುವಿಗೆ ಮೊದಲ ಮೂರು ದಿನ ಹಾಲಿಗಿಂತಲೂ ತಾಯಿ ಕಾಣದಿರುವುದೇ ದೊಡ್ಡ ಸಂಕಟ ಎಂದು ನಾನು ನೋಡಿ ತಿಳಿದಿದ್ದೇನೆ.

ಬೇಲಿ ಮಾತ್ರ ಗಟ್ಟಿ ಇರಬೇಕು. ಐದು ಎಳೆ ಬಿಗಿ ತಂತಿ, ಜೊತೆಗೆ ಕರುಗಳ ಕಡೆ ಮೂಗಿನ ಎತ್ತರಕ್ಕೆ ಒಂದು ವಿದ್ಯುತ್ ತಂತಿ. ಬಲೆ ಬೇಲಿಯಾದರೆ ಇನ್ನೂ ಒಳ್ಳೆಯದು. ವಿದ್ಯುತ್ ತಂತಿಯ ಪರಿಚಯವೂ ಆ ಒಂದು ವಾರದಲ್ಲೇ ಆಗಿರಲಿ, ಹಾಲು ಬಿಡಿಸಿದ ರಾತ್ರಿ ಮೊದಲ ಸಲ ಶಾಕ್ ತಿಂದ ಕರು ಹಿಂದೆ ಸರಿಯುವುದಿಲ್ಲ, ಮುಂದಕ್ಕೆ ನುಗ್ಗುತ್ತದೆ. ಬೇರ್ಪಡಿಸುವುದನ್ನು ಬೆಳಗ್ಗೆ ಮಾಡಿ. ಗೇಟಿನಲ್ಲಿ ಒಬ್ಬರೇ ನಿಂತು, ಕೇಕ್ ಪಿಕಪ್ಪಿನ ಹಿಂದೆ ಹೊರಟ ಹಸುಗಳನ್ನು ಬಿಡುತ್ತ, ಕರುಗಳನ್ನು ತಡೆಯುತ್ತ ಹೋದರೆ ದೊಡ್ಡಿಯ ಧೂಳೂ ಬೇಡ, ಗದ್ದಲವೂ ಬೇಡ.

ಎರಡನೆಯ ರಾತ್ರಿ ಒಮ್ಮೆ ಆ ಬೇಲಿಯ ಹತ್ತಿರ ಹೋಗಿ ನಿಲ್ಲಿ. ಕೂಗು ಅತಿ ಜೋರಾಗಿರುವುದು ಆಗಲೇ. ಹಸುಗಳ ಕೆಚ್ಚಲು ಕಲ್ಲಿನಂತೆ ಬಿಗಿದಿರುತ್ತದೆ, ಮೊಲೆಯ ತುದಿಯಿಂದ ತೊಟ್ಟಿಕ್ಕಿದ ಹಾಲು ಒಣಹುಲ್ಲಿನ ಮೇಲೆ ಹೆಪ್ಪುಗಟ್ಟಿ ಬಿಳಿ ಮಣಿಗಳಾಗಿರುತ್ತದೆ. ಈಚೆ ಕರುಗಳ ಮೂಗಿನ ಸುತ್ತ ಉಸಿರು ಹಿಮವಾಗಿ ಕೂತಿರುತ್ತದೆ. ನಮ್ಮ ಊರಿನಲ್ಲಿ ಬೆಳೆದವರ ಕೈ ಆ ಕೆಚ್ಚಲನ್ನು ಹಿಂಡಿ ಹಗುರ ಮಾಡಲು ತವಕಿಸುತ್ತದೆ. ಹಿಂಡಬಾರದು. ಕೆಚ್ಚಲಿನೊಳಗಿನ ಆ ಒತ್ತಡವೇ ಹಾಲು ಬತ್ತಿಸುವುದು. ಮೂರನೆಯ ದಿನ ಕೂಗು ಇಳಿಯುತ್ತದೆ.

ಮೂಗಿನ ಪಟ್ಟಿ ಹಾಕಬೇಕೇ ಎಂದು ಕೇಳಿದ್ದೀರಿ. ಕೆನಡಾದ ಸಸ್ಕ್ಯಾಚುವಾನ್ ವಿಶ್ವವಿದ್ಯಾಲಯದವರು ಇದರ ಮೇಲೆ ಒಳ್ಳೆಯ ಕೆಲಸ ಮಾಡಿದ್ದಾರೆ. ಕರುವಿನ ಮೂಗಿಗೆ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ ನಾಲ್ಕರಿಂದ ಏಳು ದಿನ ತಾಯಿಯ ಜೊತೆಗೇ ಬಿಡುವುದು. ಅದು ಮೇಯಬಹುದು, ನೀರು ಕುಡಿಯಬಹುದು, ಮೊಲೆ ಮಾತ್ರ ಬಾಯಿಗೆ ಸಿಗುವುದಿಲ್ಲ. ಆಮೇಲೆ ಬೇರ್ಪಡಿಸಿದರೆ ಕೂಗುವುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ನಮ್ಮಲ್ಲಿ ಕರುವಿನ ಬಾಯಿಗೆ ಕುಕ್ಕೆ ಕಟ್ಟುವುದರ ಹಿಂದಿನ ಯೋಚನೆಯೇ ಇದು, ಆದರೆ ಮೇಯಲು ಬಿಡುವಂಥದ್ದು. ಕೆಲಸ ಮಾಡುತ್ತದೆ, ಸಂದೇಹವಿಲ್ಲ. ನಿಮಗೆ ನಾನು ಹೇಳದಿರುವುದು ಒಂದೇ ಕಾರಣಕ್ಕೆ. 96 ಕರುಗಳನ್ನು ಹಾಕಲು ಒಮ್ಮೆ, ತೆಗೆಯಲು ಒಮ್ಮೆ, ಎರಡು ಸಲ ದೊಡ್ಡಿಗೆ ತಂದು ಇಕ್ಕಟ್ಟಿನ ಪಂಜರಕ್ಕೆ ನುಗ್ಗಿಸಬೇಕು. ಗಟ್ಟಿ ಬೇಲಿ ಇಲ್ಲದವರಿಗೆ ಪಟ್ಟಿ ಸರಿ. ನಿಮ್ಮಲ್ಲಿ ಬೇಲಿ ಹಾಕಲು ಇನ್ನೂ ಮೂರು ವಾರ ಇದೆ.

ನೀರು ಮತ್ತು ಮೇವು. ಹಾಲು ಬಿಟ್ಟ ಕರು ಬೇಲಿಯಂಚಿನಲ್ಲೇ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿರುತ್ತದೆ. ತೊಟ್ಟಿಯನ್ನು ಬಯಲಿನ ನಡುವೆ ಇಟ್ಟರೆ ಅದಕ್ಕೆ ಕಾಣುವುದೇ ಇಲ್ಲ. ಮೇವಿನ ತೊಟ್ಟಿಗಳನ್ನು ಬೇಲಿಗೆ ಅಡ್ಡಲಾಗಿ, ನಡೆಯುವ ಕರು ಎದೆ ತಾಗಿ ನಿಲ್ಲುವಂತೆ ಇಡಿ. ನೀರಿನ ತೊಟ್ಟಿಯೂ ಅಂಚಿನಲ್ಲೇ ಇರಲಿ. ಮೊದಲ ಎರಡು ದಿನ ನೀರು ತುಳುಕಿ ಸದ್ದಾಗುವಂತೆ ಬಿಟ್ಟರೆ ಕರುಗಳು ಬೇಗ ಪತ್ತೆ ಹಚ್ಚುತ್ತವೆ. ಬೆಳಗ್ಗೆ ಸಂಜೆ ಮಂಜುಗಡ್ಡೆ ಒಡೆಯಿರಿ. ಹಿಮ ನೆಕ್ಕಿ ಬದುಕುವ ವಿದ್ಯೆ ಹೊಸದಾಗಿ ಹಾಲು ಬಿಟ್ಟ ಕರುವಿಗೆ ಇರುವುದಿಲ್ಲ.

ಮೊದಲ ದಿನಗಳಲ್ಲಿ 220 ಕಿಲೋ ಕರು ಎರಡು ಮೂರು ಕಿಲೋ ತಿಂದರೆ ಹೆಚ್ಚು, ಎರಡು ವಾರದಲ್ಲಿ ಅದು ಐದೂವರೆ ಕಿಲೋಗೆ ಏರುತ್ತದೆ. ಅದಕ್ಕೇ ಮೊದಲ ದಿನದ ಮೇವು ಅತ್ಯುತ್ತಮದ್ದಾಗಿರಬೇಕು. ಜುಲೈನಲ್ಲಿ ಕೊಯ್ದ ಬಯಲಿನ ಹುಲ್ಲಿನಲ್ಲಿ ಪ್ರೋಟೀನ್ ಶೇ. 8ರ ಆಸುಪಾಸು, ಬೆಳೆಯುವ ಕಡಸಿಗೆ ಅದಷ್ಟೇ ಸಾಲದು. ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಚರಟ ಬೇಕಾದಷ್ಟು ಸಿಗುತ್ತದೆ, ಅದರಲ್ಲಿ ಪ್ರೋಟೀನ್ ಶೇ. 30ರಷ್ಟಿದೆ. ತಲೆಗೆ ಅರ್ಧ ಕಿಲೋದಿಂದ ಶುರುಮಾಡಿ ಎರಡು ವಾರದಲ್ಲಿ ಒಂದು ಕಿಲೋಗೆ ತನ್ನಿ.

ಅದಕ್ಕಿಂತ ಹೆಚ್ಚು ತಿನ್ನಿಸುವ ಆಸೆ ಬೇಡ. ಲೆಕ್ಕ ಹಾಕಿ ನೋಡಿ. ನಿಮ್ಮ ದೊಡ್ಡ ಹಸುಗಳು 550 ಕಿಲೋ ಎಂದಿಟ್ಟುಕೊಳ್ಳೋಣ. ಗರ್ಭಕ್ಕೆ ಬಿಡುವಾಗ ಕಡಸು ಅದರ ಶೇ. 60ರಿಂದ 65 ತೂಗಬೇಕು ಎಂಬುದು ಹಳೆಯ ಪಾಠ. ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಇದೇ ಸ್ಯಾಂಡ್‌ಹಿಲ್ಸ್ ಮಂದೆಗಳಲ್ಲಿ ವರ್ಷಗಟ್ಟಲೆ ನೋಡಿ, ಶೇ. 55ರ ಸುತ್ತಮುತ್ತ ಇದ್ದರೂ ಚೆನ್ನಾಗಿ ಗಬ್ಬವಾಗುತ್ತವೆ ಎಂದು ತೋರಿಸಿದ್ದಾರೆ. ಶೇ. 55ರಿಂದ 60 ಅಂದರೆ 300ರಿಂದ 330 ಕಿಲೋ. ಈಗ 220 ಇದ್ದರೆ, ನವೆಂಬರ್ ನಡುವಿನಿಂದ ಜೂನ್ ಮೊದಲವರೆಗೆ ಸುಮಾರು 200 ದಿನ. ದಿನಕ್ಕೆ 400ರಿಂದ 550 ಗ್ರಾಂ ಏರಿದರೆ ಸಾಕು. ಗುಡ್ಡ ಹತ್ತಿ ಇಳಿದು ಬದುಕಬೇಕಾದ ಹಸುವನ್ನು ಕಡಸಾಗಿದ್ದಾಗ ಕೊಬ್ಬಿಸಿದರೆ ಮುಂದೆ ಅದು ಪಿಕಪ್ಪಿನ ದಾರಿ ಕಾಯುತ್ತ ಗೇಟಿನಲ್ಲಿ ನಿಲ್ಲುವ ಹಸುವಾಗುತ್ತದೆ. ಕಡುಚಳಿಯ ದಿನಗಳು ಮಾತ್ರ ಬೇರೆ. ಮೈನಸ್ 8ರಿಂದ ಕೆಳಗೆ ಪ್ರತಿ ಡಿಗ್ರಿಗೆ ಶಕ್ತಿಯ ಅಗತ್ಯ ಶೇ. 2ರಷ್ಟು ಏರುತ್ತದೆ. ಆ ದಿನ ಹುಲ್ಲು ಹೆಚ್ಚು ಹಾಕಿ, ಚಳಿ ಇಳಿಯುವ ಸಂಜೆಗೆ ಮುನ್ನವೇ ಹಾಕಿ. ಹುಲ್ಲು ಹೊಟ್ಟೆಯಲ್ಲಿ ಹುದುಗುವಾಗ ಬರುವ ಶಾಖ ರಾತ್ರಿಗೆ ಒದಗುತ್ತದೆ.

ಲಸಿಕೆಗಳನ್ನು ಹಾಲು ಬಿಡಿಸುವ ದಿನ ಕೊಡಬೇಡಿ. ಉಸಿರಾಟದ ವೈರಸ್ಸುಗಳದು, ನ್ಯುಮೋನಿಯಾ ತರುವ ಮ್ಯಾನ್‌ಹೈಮಿಯಾ ಬ್ಯಾಕ್ಟೀರಿಯಾದ್ದು, ಚಪ್ಪೆಬೇನೆಯನ್ನೂ ಸೇರಿಸಿ ಕ್ಲಾಸ್ಟ್ರಿಡಿಯಂ ಗುಂಪಿನದು, ಇವೆಲ್ಲ ಎರಡು ಮೂರು ವಾರ ಮೊದಲೇ, ಅಂದರೆ ಈ ವಾರವೇ ಆಗಲಿ. ಜೀವಂತ ವೈರಸ್ಸಿನ ಲಸಿಕೆಯಾದರೆ ಒಂದು ಎಚ್ಚರ. ಗಬ್ಬದ ತಾಯಿಯ ಹಾಲು ಕುಡಿಯುತ್ತಿರುವ ಕರುವಿಗೆ ಅದನ್ನು ಕೊಡಬೇಕಾದರೆ, ಆ ತಾಯಂದಿರಿಗೂ ಲೇಬಲ್ಲಿನಲ್ಲಿ ಹೇಳಿದಂತೆ ಮೊದಲೇ ಲಸಿಕೆ ಆಗಿರಬೇಕು. ದಾಖಲೆ ತೆಗೆದು ನೋಡಿ.

ಕಂದುರೋಗದ್ದು ಬೇರೆ ವಿಷಯ. ನಮ್ಮ ದೇಶದಲ್ಲಿ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎಸ್-19 ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕುತ್ತೇವೆ. ಅಮೆರಿಕದಲ್ಲಿ ಬಳಸುವುದು ಆರ್‌ಬಿ-51, ನಾಲ್ಕರಿಂದ ಹನ್ನೆರಡು ತಿಂಗಳೊಳಗೆ, ಸರ್ಕಾರದ ಮಾನ್ಯತೆ ಪಡೆದ ಪಶುವೈದ್ಯರೇ ಹಾಕಿ ಕಿವಿಗೆ ಹಚ್ಚೆಯೂ ಕಿತ್ತಳೆ ಬಣ್ಣದ ಬಿಲ್ಲೆಯೂ ಹಾಕಬೇಕು. ಹೆಬ್ಬಾಳದ ಪದವಿಯೊಂದರಿಂದಲೇ ಇಲ್ಲಿ ನಿಮಗೆ ಆ ಅಧಿಕಾರ ಬರುವುದಿಲ್ಲ. ಮೂರು ವಾರದ ನಂತರ ಕರುಗಳು ಶಾಂತವಾದ ಮೇಲೆ ಮಾನ್ಯತೆಯ ಆ ಪಶುವೈದ್ಯರನ್ನು ಕರೆಸಿ. ಹಿಡಿದುಕೊಳ್ಳಲು ನಿಂತವರು ಕೈಗವಸು, ಕನ್ನಡಕ ಹಾಕಲಿ. ಆ ಸೂಜಿ ಆಕಸ್ಮಿಕವಾಗಿ ಮನುಷ್ಯನಿಗೆ ಚುಚ್ಚಿದರೆ ಕಂದುರೋಗ ಬರಬಹುದು, ಅದಕ್ಕೆ ಸಾಮಾನ್ಯವಾಗಿ ಕೊಡುವ ರಿಫಾಂಪಿಸಿನ್ ಔಷಧ ಲಸಿಕೆಯಲ್ಲಿರುವ ಈ ರೋಗಾಣುತಳಿಯ ಮೇಲೆ ಕೆಲಸ ಮಾಡುವುದಿಲ್ಲ. ಹಾಗೇನಾದರೂ ಆದರೆ ಆಸ್ಪತ್ರೆಯಲ್ಲಿ ಲಸಿಕೆಯ ಹೆಸರನ್ನು ಮೊದಲು ಹೇಳಬೇಕು.

ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ನ್ಯುಮೋನಿಯಾದ ಕಾಲ. ಬೆಳಗಿನ ಚಳಿಯಲ್ಲೇ ಹೋಗಿ ನೋಡಿ, ಉಸಿರಾಟದ ವ್ಯತ್ಯಾಸ ತಂಪಿನಲ್ಲಿ ಚೆನ್ನಾಗಿ ಕಾಣುತ್ತದೆ. ದೂರ ನಿಂತು ಐದು ನಿಮಿಷ ಸುಮ್ಮನಿರಿ. ದನ ಬೇಟೆಯಾಗುವ ಪ್ರಾಣಿ, ನೀವು ಹತ್ತಿರ ಬಂದ ತಕ್ಷಣ ಕಾಯಿಲೆ ಬಚ್ಚಿಟ್ಟು ತಲೆ ಎತ್ತುತ್ತದೆ. ಎಲ್ಲವೂ ಎದ್ದು ಮೈ ಮುರಿಯುವಾಗ ಮಲಗೇ ಇರುವುದು, ಕಿವಿ ಜೋಲುಬಿಟ್ಟದ್ದು, ಪಿಕಪ್ ಬಂದರೂ ಬಾರದ್ದು, ಎಡಪಕ್ಕೆ ಒಳಗೆ ಸೇದಿದ್ದು, ಇವನ್ನು ಹಿಡಿದು ಜ್ವರ ನೋಡಿ. 40 ಡಿಗ್ರಿ ದಾಟಿದ್ದರೆ ಅಂದೇ ಚಿಕಿತ್ಸೆ.

ಮಂದೆಗೆ ಉಳಿಸುವ ಆಯ್ಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಹೆರಿಗೆ ಕಾಲದ ಮೊದಲ 21 ದಿನದಲ್ಲಿ ಹುಟ್ಟಿದವು ಯಾವುವೆಂದು ಪುಸ್ತಕದಲ್ಲಿ ಗುರುತು ಮಾಡಿ, ಅವೇ ಮುಂದೆ ಬೇಗ ಗಬ್ಬವಾಗಿ ಹೆಚ್ಚು ವರ್ಷ ನಿಲ್ಲುವವು. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಇದ್ದರೆ ತೆಗೆದುಬಿಡಿ, ಹತ್ತರಲ್ಲಿ ಒಂಬತ್ತು ಬಂಜೆ.

ನಾಯಿಗಳ ಬಗ್ಗೆ ಕೇಳಿದ್ದೀರಿ. ನಡಿಗೆಯ ಎರಡು ದಿನವೂ, ಬೇರ್ಪಡಿಸುವ ಬೆಳಗ್ಗೆಯೂ ಅವು ಮನೆಯಲ್ಲೇ ಇರಲಿ. ಕರು ಜೊತೆಗಿರುವ ಹಸು ನಾಯಿಯನ್ನು ತೋಳವೆಂದೇ ತಿಳಿದು ತಿರುಗಿ ಬೀಳುತ್ತದೆ, ಮಂದೆಯ ನಡಿಗೆ ಅಲ್ಲಿಗೇ ಕೆಡುತ್ತದೆ. ಐದನೆಯ ಅಥವಾ ಆರನೆಯ ದಿನ ಬೆಳಗ್ಗೆ ಹೋದಾಗ ಹಸುಗಳು ಬೇಲಿ ಬಿಟ್ಟು ದೂರದಲ್ಲಿ ಮೇಯುತ್ತಿದ್ದು, ಕರುಗಳು ತೊಟ್ಟಿಯ ಹತ್ತಿರ ಮಲಗಿ ಮೆಲುಕು ಹಾಕುತ್ತಿದ್ದರೆ ಆ ದಿನವೇ ತಾಯಂದಿರನ್ನು ಕೇಕ್ ಪಿಕಪ್ಪಿನ ಹಿಂದೆ ಚಳಿಗಾಲದ ಗುಡ್ಡಕ್ಕೆ ಕರೆದೊಯ್ಯಿರಿ. ಒಂದೆರಡು ಹಸುಗಳು ಇನ್ನೂ ಬೇಲಿಯ ಬಳಿಯೇ ನಿಂತು ಈಚೆ ನೋಡುತ್ತಿದ್ದರೆ ಇನ್ನೊಂದು ದಿನ ಕೊಡಿ. ಮಂದೆಯಲ್ಲಿ ಈ ವರ್ಷ ಗಬ್ಬವಿಲ್ಲದ, ಸಾಧು ಸ್ವಭಾವದ ಹಿರಿ ಹಸು ಇದ್ದರೆ ಅದನ್ನು ಮಾತ್ರ ಕಡಸುಗಳ ಜೊತೆ ಬಿಟ್ಟು ಬನ್ನಿ. ಮೊದಲ ಹಿಮಗಾಳಿ ಬೀಸಿದ ರಾತ್ರಿ ಮರೆಯ ಕಡೆ ಮೊದಲು ಹೊರಡುವುದು ಅದೇ.